ಪೇಡೆ ಜೊತೆಗಿಟ್ಟುಕೊಂಡು ನೋಡಿದ ಆಕಾಶದ ವೈನ್

ನಾನು ವಾಲ್ವ್ ಕಸುಬಿನವನು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಾಲ್ವ್‌ಗಳನ್ನು ಒತ್ತಡಕ್ಕೆ ಒಡ್ಡಿ, ಎಲ್ಲಿ ಸೋರುತ್ತದೆ ಎಂದು ಹುಡುಕುತ್ತಾ ಬಂದಿದ್ದೇನೆ. ಎಣ್ಣೆ ಕಂಪನಿಗಳು ಇರುವಲ್ಲೆಲ್ಲ ನಮ್ಮ ಗಿರಾಕಿಗಳಿದ್ದಾರೆ. ಹಾಗಾಗಿ ವರ್ಷಕ್ಕೆ ಎರಡು ಮೂರು ಬಾರಿ ವಿದೇಶ ಪ್ರಯಾಣ, ಐವತ್ತು ದಾಟಿದ ಬೆನ್ನಿಗೆ ಕರುಣೆ ತೋರಿ ಕಂಪನಿ ಕೊಡಿಸುವ ಬಿಸಿನೆಸ್ ದರ್ಜೆಯ ಟಿಕೆಟ್. ಊರಿಗೆ ಮರಳಿದ ಮೇಲೆ ಗೆಳೆಯರು ಸಂತೆ, ಸಭೆ, ಆರ್ಡರು ಏನನ್ನೂ ಕೇಳುವುದಿಲ್ಲ. "ಯಾವ ವಿಮಾನದಲ್ಲಿ ಪುಕ್ಕಟೆ ವೈನ್ ಚೆನ್ನಾಗಿರುತ್ತದೆ?" ಎಂದಷ್ಟೇ ಕೇಳುತ್ತಾರೆ. ಪುಕ್ಕಟೆ ಅಲ್ಲ ಮಾರಾಯರೆ, ಟಿಕೆಟಿನಲ್ಲಿ ಬಡ್ಡಿ ಸಮೇತ ವಸೂಲಿ ಆಗಿರುತ್ತದೆ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವರಿಗಾಗಿ ಈ ಹೋಲಿಕೆ.

ಮೊದಲೇ ಒಂದು ಭ್ರಮೆ ಕಳೆಯಬೇಕು. ಹುಬ್ಬಳ್ಳಿಯಿಂದ ಹೊರದೇಶಕ್ಕೆ ನೇರ ವಿಮಾನವಿಲ್ಲ. ಬೆಂಗಳೂರಿಗೋ ಮುಂಬೈಗೋ ಹೋಗಿಯೇ ಹಾರಬೇಕು. ದೇಶದೊಳಗಿನ ವಿಮಾನಗಳಲ್ಲಿ ಎಷ್ಟೇ ದುಬಾರಿ ಸೀಟು ಹಿಡಿದರೂ ಮದ್ಯ ಕೊಡುವಂತಿಲ್ಲ, ಅದು ನಿಯಮ. ಮುಂದಿನ ಸಾಲಿನಲ್ಲಿ ಕುಳಿತರೆ ನಿಂಬೆಹಣ್ಣಿನ ಶರಬತ್ತು, ಹಣ್ಣಿನ ರಸ, ಒಳ್ಳೆಯ ಗ್ಲಾಸು, ಅಷ್ಟೇ. ನಮ್ಮ ಕಚೇರಿಯ ಹುಡುಗನೊಬ್ಬ ಮುಂಬೈ-ದೆಹಲಿ ಪ್ರಯಾಣದಲ್ಲಿ ಶಾಂಪೇನ್ ಕೇಳಿ ಪೆಚ್ಚಾಗಿ ಬಂದ ಕಥೆ ಇನ್ನೂ ನಮ್ಮ ಕ್ಯಾಂಟೀನಿನಲ್ಲಿ ಓಡಾಡುತ್ತಿದೆ.

ಇನ್ನು ಪರೀಕ್ಷೆಯ ವಿಧಾನ. ಅಳತೆ ಮಾಡಬೇಕಾದರೆ ಬದಲಾಗದ ಒಂದು ವಸ್ತು ಕೈಯಲ್ಲಿರಬೇಕು. ನನ್ನದು ಧಾರವಾಡ ಪೇಡೆ. ಲೈನ್ ಬಜಾರಿನಿಂದ ಕಾಲು ಕಿಲೋ ಕಟ್ಟಿಸಿಕೊಂಡು ಹೋಗುತ್ತೇನೆ. ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ಒಂದು, ವಿಮಾನ ಮೇಲೇರಿ ಎರಡು ಗಂಟೆ ಆದ ಮೇಲೆ ಇನ್ನೊಂದು. ಅದೇ ಡಬ್ಬಿ, ಅದೇ ಪೇಡೆ. ಆದರೆ ಮೇಲೆ ತಿಂದದ್ದು ಪ್ರತಿ ಸಲವೂ ಸಪ್ಪೆ. ಅಂಗಡಿಯವನು ಸಕ್ಕರೆಯಲ್ಲಿ ಕೈ ಹಿಡಿದನೇನೋ ಎನ್ನುವಷ್ಟು ಸಪ್ಪೆ.

ಕಾರಣ ನನ್ನ ಕಸುಬಿಗೆ ಹತ್ತಿರದ್ದು. ವಿಮಾನ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿಯ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಎ350, ಡ್ರೀಮ್‌ಲೈನರ್‌ನಂಥ ಹೊಸ ವಿಮಾನಗಳಲ್ಲಿ 6,000 ಅಡಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಕೆಳಗೆ. ಹಳೆಯವುಗಳಲ್ಲಿ 8,000ದ ಹತ್ತಿರ, ಊಟಿಗಿಂತಲೂ ಮೇಲೆ. ಒಳಗಿನ ಗಾಳಿಯ ತೇವಾಂಶ ಬಹುಪಾಲು ಶೇ 20ಕ್ಕಿಂತ ಕಡಿಮೆ. ಮೂಗು ಒಣಗಿದರೆ ರುಚಿಯ ಮುಕ್ಕಾಲು ಪಾಲು ಹೋದಂತೆ, ನೆಗಡಿಯಾದಾಗ ಸಾರು ಸಪ್ಪೆಯಾಗುವುದಿಲ್ಲವೆ? ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಮ್ಯೂನಿಕ್ ಬಳಿಯ ಹೋಲ್ಟ್ಸ್‌ಕಿರ್ಖೆನ್‌ನಲ್ಲಿ ಹಳೆಯ ಎ310 ವಿಮಾನದ ಒಡಲನ್ನೇ ಒತ್ತಡದ ಕೊಳವೆಯೊಳಗೆ ಇಟ್ಟು, ಲುಫ್ತಾನ್ಸಾ ಸಂಸ್ಥೆಗಾಗಿ ಇದನ್ನು ಅಳೆದರು. ಉಪ್ಪಿನ ರುಚಿ ಶೇ 20ರಿಂದ 30, ಸಿಹಿ ಶೇ 15ರಿಂದ 20 ಇಳಿಯುತ್ತದೆ ಎಂದು ಕಂಡುಕೊಂಡರು. ನಾನು ಕಾಲು ಕಿಲೋ ಪೇಡೆಯಲ್ಲಿ ಕಂಡುಕೊಂಡದ್ದನ್ನು ಅವರು ಒಂದು ವಿಮಾನದಲ್ಲಿ ಕಂಡುಕೊಂಡರು.

ಎಮಿರೇಟ್ಸ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಬೆಂಗಳೂರಿಗೆ 2022ರ ಅಕ್ಟೋಬರ್‌ನಿಂದ ಅವರ ಎರಡಂತಸ್ತಿನ ಎ380 ಬರುತ್ತಿದೆ. ಮೇಲಂತಸ್ತಿನ ಹಿಂತುದಿಯಲ್ಲಿ ಅರ್ಧಚಂದ್ರಾಕಾರದ ಬಾರ್ ಇದೆ. ಬಿಸಿನೆಸ್ ದರ್ಜೆಯಲ್ಲಿ ಮೊಯೆ ಎ ಶಾಂಡೊನ್, ವೂವ್ ಕ್ಲಿಕೊ ಶಾಂಪೇನ್‌ಗಳು. ಡಾಮ್ ಪೆರಿನ್ಯೋನ್ ಬೇಕಾದರೆ ಫಸ್ಟ್ ಕ್ಲಾಸಿಗೆ ಹತ್ತಬೇಕು, ಅಷ್ಟು ಕರುಣೆ ನಮ್ಮ ಕಂಪನಿಗಿಲ್ಲ. ಕೆಂಪು ವೈನ್‌ಗಳನ್ನು ಎಳೆಯದಾಗಿಯೇ ಕೊಂಡು ಫ್ರಾನ್ಸ್‌ನ ಬರ್ಗಂಡಿಯ ಉಗ್ರಾಣದಲ್ಲಿ ವರ್ಷಗಟ್ಟಲೆ ಮಲಗಿಸಿಟ್ಟು, ಹದಕ್ಕೆ ಬಂದ ಮೇಲೆ ವಿಮಾನಕ್ಕೆ ಏರಿಸುತ್ತಾರೆ. ಈ ತಾಳ್ಮೆಗೆ ಬೆಲೆ ಇದೆ ಎಂದು ಗೊತ್ತಾದದ್ದು ಮೇಲೇರಿದ ಮೇಲೆಯೇ. ಎಳೆಯ ಕೆಂಪು ವೈನಿನ ಒಗರು ಒಣಗಿದ ಬಾಯಲ್ಲಿ ಹಸಿ ಅಡಿಕೆ ಅಗಿದಂತೆ ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ. ದುಬೈನಿಂದ ಡ್ಯೂಸೆಲ್‌ಡಾರ್ಫ್‌ಗೆ ಹೋಗುವಾಗ ಕುಡಿದ ಬೋರ್ಡೊ ವೈನಿನಲ್ಲಿ ಆ ಹಿಡಿತ ಇರಲಿಲ್ಲ. ಮೆತ್ತಗೆ ಇಳಿಯಿತು.

ಆದರೆ ಅವರ ಶಾಂಪೇನ್ ವಿಷಯದಲ್ಲಿ ನನ್ನ ಪುಸ್ತಕದ ಟಿಪ್ಪಣಿ ಬೇರೆ. ವಿಮಾನ ಇನ್ನೂ ನೆಲದ ಮೇಲಿದ್ದಾಗ ಕೊಟ್ಟ ಮೊದಲ ಗ್ಲಾಸು ಅಮೃತ, ನಾಲ್ಕು ಗಂಟೆಯ ನಂತರ ಬಾರಿನಲ್ಲಿ ನಿಂತು ಕುಡಿದ ಅದೇ ಶಾಂಪೇನ್ ಹುಳಿ ಸೋಡಾ. ಶಾಂಪೇನಿನದು ಮೊದಲೇ ಹುಳಿಯ ಸ್ವಭಾವ. ಇದ್ದ ಅಲ್ಪಸ್ವಲ್ಪ ಸಿಹಿಯೂ ಕುಗ್ಗಿದರೆ ಹುಳಿ ಒಂದೇ ಮುಂದೆ ಬಂದು ನಿಲ್ಲುತ್ತದೆ. ಇದು ಎಮಿರೇಟ್ಸ್‌ನ ದೋಷವಲ್ಲ, ಎಲ್ಲ ಕಡೆಯೂ ಹೀಗೆಯೇ ಆಯಿತು. ಏರ್ ಇಂಡಿಯಾ 2023ರಲ್ಲಿ ಪಾನೀಯಗಳ ಪಟ್ಟಿಯನ್ನು ಹೊಸದಾಗಿ ಮಾಡಿ ಲೊರಾನ್-ಪೆರಿಯೆ ಶಾಂಪೇನ್ ತಂದಿತು. ನಾನು ಕುಡಿದ ಶಾಂಪೇನ್‌ಗಳಲ್ಲಿ ಮೇಲೆಯೂ ತನ್ನ ಪರಿಮಳವನ್ನು ಹೆಚ್ಚು ಉಳಿಸಿಕೊಂಡದ್ದು ಅದೇ. ಅಲ್ಲೂ ನೆಲದ ಮೇಲಿನ ಗ್ಲಾಸೇ ಗೆದ್ದಿತು. ಆದ್ದರಿಂದ ಶಾಂಪೇನ್ ಕುಡಿಯುವವರು ವಿಮಾನ ಏರುವ ಮೊದಲೇ ಕುಡಿದು ಮುಗಿಸಿ, ಮೇಲೆ ಬೇರೆ ಏನಾದರೂ ಕೇಳಬೇಕು.

ಏನು ಕೇಳಬೇಕು ಎಂದು ಕಲಿಸಿದ್ದು ಲುಫ್ತಾನ್ಸಾ. ಅವರ ವೈನ್ ಪಟ್ಟಿಯಲ್ಲಿ ಬೆರಗುಗೊಳಿಸುವ ಹೆಸರು ನನಗೆ ಕಾಣಲಿಲ್ಲ, ಆದರೆ ಜರ್ಮನಿಯ ರೀಸ್ಲಿಂಗ್ ಎಂಬ ಬಿಳಿ ವೈನ್ ಇತ್ತು. ಹಣ್ಣಿನ ಪರಿಮಳ ಜೋರು, ಒಗರು ಇಲ್ಲವೇ ಇಲ್ಲ, ಕೊನೆಗೆ ಒಂದಿಷ್ಟು ಸಿಹಿ. ನೆಲದ ಮೇಲೆ ನನಗೆ ಇದು ಹೆಂಗಸರ ಮಕ್ಕಳ ಶರಬತ್ತು ಎನಿಸುತ್ತಿತ್ತು (ಹೀಗೆಂದದ್ದಕ್ಕೆ ಮನೆಯಲ್ಲಿ ಬೈಸಿಕೊಂಡಿದ್ದೇನೆ). ಮೇಲೆ ಅದೇ ರೀಸ್ಲಿಂಗ್ ನೆಟ್ಟಗೆ ನಿಂತಿತು. ಇಳಿಯುವ ರುಚಿಗಳೆಲ್ಲ ಇಳಿದ ಮೇಲೂ ಉಳಿಯುವಷ್ಟು ಅದರಲ್ಲಿತ್ತು. ಪಕ್ಕದ ಸೀಟಿನ ಜರ್ಮನ್ ಹಿರಿಯರು ಮಾತ್ರ ವೈನ್ ಮುಟ್ಟಲಿಲ್ಲ. ಅವರು ಕೇಳಿದ್ದು ಟೊಮೆಟೊ ರಸ, ಮೇಲೆ ಉಪ್ಪು, ಕಾಳುಮೆಣಸು. ಇದೇನು ಪಥ್ಯವೆ ಎಂದುಕೊಂಡೆ. ಆಮೇಲೆ ತಿಳಿಯಿತು, ಹಿಂದೊಮ್ಮೆ ಲುಫ್ತಾನ್ಸಾದವರು ಲೆಕ್ಕ ಹಾಕಿದಾಗ ಟೊಮೆಟೊ ರಸ ಬಿಯರಿನಷ್ಟೇ ಖರ್ಚಾಗಿತ್ತು, ವರ್ಷಕ್ಕೆ ಸುಮಾರು 17 ಲಕ್ಷ ಲೀಟರ್. ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ ಹಾಗೆ, ಎಂಜಿನ್ನಿನ ಸುಮಾರು 85 ಡೆಸಿಬಲ್ ಗದ್ದಲ ಸಿಹಿಯನ್ನು ಕುಗ್ಗಿಸಿ, ಟೊಮೆಟೊದಲ್ಲಿರುವ ಉಮಾಮಿ ಎಂಬ ರುಚಿಯನ್ನು ಎತ್ತಿ ಕೊಡುತ್ತದೆ. ನಾನೂ ಒಂದು ಗ್ಲಾಸು ತರಿಸಿದೆ. ಒಗ್ಗರಣೆ ಬೀಳುವ ಮುಂಚಿನ ಸಾರು! ಮೂರನೆಯ ಗುಟುಕಿಗೆ ಒಂದು ಎಸಳು ಕರಿಬೇವು ಇದ್ದಿದ್ದರೆ ಎನಿಸಿತು. ಅಂದಿನಿಂದ ನನ್ನ ಎರಡನೆಯ ಗ್ಲಾಸು ಯಾವ ವಿಮಾನದಲ್ಲೂ ಅದೇ.

ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ನಾನು ಒಬ್ಬನೇ ಇರಲಿಲ್ಲ. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ, ಕೂಡಿಟ್ಟ ಮೈಲುಗಳನ್ನೆಲ್ಲ ಸುರಿದು ನನ್ನಾಕೆಯನ್ನೂ ಕರೆದುಕೊಂಡು ಹೋಗಿದ್ದೆ. ಆಕೆ ಮದ್ಯದ ವಾಸನೆಗೂ ಬಾರದವಳು. ಈ ವಿಮಾನದ ಕುಲದೇವರು ಸಿಂಗಪುರ್ ಸ್ಲಿಂಗ್. 1915ರ ಸುಮಾರಿಗೆ ಅಲ್ಲಿನ ರ‍್ಯಾಫಲ್ಸ್ ಹೋಟೆಲಿನಲ್ಲಿ ಹುಟ್ಟಿತೆಂದು ಹೇಳುವ, ಜಿನ್, ಚೆರ‍್ರಿ ಬ್ರಾಂಡಿ, ಅನಾನಸ್ ರಸ, ನಿಂಬೆ ಸೇರಿದ ಗುಲಾಬಿ ಬಣ್ಣದ ಮಿಶ್ರಣ. ಸಿಂಗಪುರ ನಗರದಲ್ಲಿ ಅದನ್ನು ಕುಡಿದಾಗ ರಾಮನವಮಿಯ ಪಾನಕಕ್ಕೆ ಯಾರೋ ಜಿನ್ ಬೆರೆಸಿದ್ದಾರೆ ಎನಿಸಿತ್ತು. ಹಿಂದಿರುಗುವ ವಿಮಾನದಲ್ಲಿ ಅದೇ ಪಾನೀಯದ ಸಿಹಿ ಸರಿಯಾಗಿ ಅಳತೆಗೆ ಬಂದು ಕೂತಿತ್ತು. ನನ್ನ ಪೇಡೆಯ ಲೆಕ್ಕ ಇಲ್ಲಿ ಕೈಕೊಡಲಿಲ್ಲ. ನೆಲದಲ್ಲಿ ಅತಿಯಾದದ್ದೇ ಮೇಲೆ ಹದ.

ಆಕೆಗೆ ಜಿನ್ ಇಲ್ಲದ ಹಣ್ಣಿನ ಮಿಶ್ರಣ ತಂದುಕೊಟ್ಟರು, ಅದೂ ಉದ್ದನೆಯ ಗ್ಲಾಸಿನಲ್ಲಿ, ಅನಾನಸ್ ತುಂಡು ಸಿಕ್ಕಿಸಿ. ಆಮೇಲೆ ಚಹಾದ ಪಟ್ಟಿ ಎಂದು ಬೇರೆಯೇ ಒಂದು ಪುಟ. "ರೀ, ಇವರು ನನ್ನನ್ನು ಊಟಕ್ಕೆ ಬಂದವಳ ಹಾಗೆ ನೋಡಿಕೊಂಡರು, ನಿಮ್ಮ ಜೊತೆಗೆ ಬಂದವಳ ಹಾಗೆ ಅಲ್ಲ" ಎಂದಳು. ನಾನು ಅದುವರೆಗೆ ಬರೆದುಕೊಂಡ ಟಿಪ್ಪಣಿಗಳಲ್ಲಿ ಈ ಕಾಲಂ ಇರಲೇ ಇಲ್ಲ. ಅಂದಿನಿಂದ ಸೇರಿಸಿದೆ. ಕುಡಿಯದವರ ಗ್ಲಾಸು ಹೇಗಿದೆ ಎಂಬುದಕ್ಕೆ ನನ್ನ ಅಂಕಪಟ್ಟಿಯಲ್ಲಿ ಈಗ ಒಟ್ಟು ಅಂಕಗಳ ಅರ್ಧ ಪಾಲು.

ಆ ಅರ್ಧದಲ್ಲಿ ಸೊನ್ನೆ ಪಡೆದ ಸಂಸ್ಥೆಯೊಂದಿದೆ, ಹೆಸರು ಬೇಡ. ವೈನ್ ಪಟ್ಟಿ ದಪ್ಪ ಕಾಗದದ್ದು, ಬಂಗಾರದ ಅಕ್ಷರ. ಬಂದ ಬಿಳಿ ವೈನ್ ಮಾತ್ರ ಬೆಚ್ಚಗಿತ್ತು, ಮಂಜುಗಡ್ಡೆ ಕೇಳಿದರೆ ವೈನಿನೊಳಗೇ ಹಾಕಿಕೊಟ್ಟರು. ಕೆಂಪು ವೈನ್ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಾಗೆ, ಬಣ್ಣ ನೋಡಿ ಹೆದರಬೇಕು, ಬಾಯಿಗಿಟ್ಟರೆ ಏನೂ ಇಲ್ಲ. ಬ್ಯಾಡಗಿಯದಾದರೂ ಬಣ್ಣಕ್ಕೆ ಬೆಲೆ ಬರುತ್ತದೆ. ನನ್ನಾಕೆಗೆ ಕೇಳಿದ್ದು ಒಂದೇ ಪ್ರಶ್ನೆ, ಕಿತ್ತಳೆ ರಸವೋ ನೀರೋ. "ನಿಮಗೆ ನಾಲ್ಕು ಪುಟ, ನನಗೆ ನಾಲ್ಕು ಅಕ್ಷರ" ಎಂದು ಆಕೆ ಕಂಬಳಿ ಹೊದ್ದು ಮಲಗಿಬಿಟ್ಟಳು.

ಆಕೆಯ ಮಟ್ಟಿಗೆ ಸ್ಪರ್ಧೆ ಮುಗಿದದ್ದು ಕತಾರ್ ಏರ್‌ವೇಸ್‌ನಲ್ಲಿ. ವೈನ್ ಅಲ್ಲಿಯೂ ಒಳ್ಳೆಯದೇ ಇದೆ, ನಾನು ಬಿಳಿಯದೊಂದನ್ನು ಮೆಚ್ಚಿ ಎರಡು ಸಲ ಕೇಳಿದೆ. ಆದರೆ ಕರಕ್ ಚಹಾ! ಏಲಕ್ಕಿ ಹಾಕಿ, ಹಾಲಿನಲ್ಲಿ ಗಟ್ಟಿಯಾಗಿ ಕುದಿಸಿದ್ದು. ಭಾರತದಿಂದ ಕೊಲ್ಲಿಗೆ ದುಡಿಯಲು ಹೋದವರು ಕೊಂಡೊಯ್ದ ಚಹಾ ಅಲ್ಲಿಯ ಊರ ಚಹಾವೇ ಆಗಿ ವಿಮಾನ ಹತ್ತಿದೆ. ದಟ್ಟ ಹಾಲು, ಏಲಕ್ಕಿ, ಕೈಬಿಚ್ಚಿ ಹಾಕಿದ ಸಕ್ಕರೆ, ಮೂರೂ ಒಣಗಾಳಿಗೆ ಸೋಲದ ರುಚಿಗಳು. ಆಕೆ ಮೂರು ಬಟ್ಟಲು ಕುಡಿದು, ಚೆನ್ನಮ್ಮ ವೃತ್ತದ ಚಹಾದ ಅಂಗಡಿಗೆ ಹತ್ತಿರ ಹತ್ತಿರ ಬರುತ್ತದೆ ಎಂದು ಪ್ರಮಾಣಪತ್ರ ಕೊಟ್ಟಳು.

ಮದ್ಯವೇ ಇಲ್ಲದ ವಿಮಾನವನ್ನು ಈ ಹೋಲಿಕೆಯಲ್ಲಿ ಸೇರಿಸಬೇಕೆ ಎಂದು ಯೋಚಿಸಿದೆ, ಸೇರಿಸುತ್ತೇನೆ. ಸೌದಿಯಾದಲ್ಲಿ ಯಾವ ದರ್ಜೆಯಲ್ಲೂ ಮದ್ಯವಿಲ್ಲ. ಮುಂಬೈನಿಂದ ರಿಯಾದ್‌ಗೆ ಹೋಗುವಾಗ ಉದ್ದ ಕೊಕ್ಕಿನ ಹೂಜಿಯಿಂದ ಏಲಕ್ಕಿ ಘಮದ ಅರಬ್ಬಿ ಕಾಫಿ, ಜೊತೆಗೆ ಖರ್ಜೂರ. ಕಾಫಿ ನೋಡಲು ನಸುಹಳದಿ, ಸಕ್ಕರೆ ಇಲ್ಲ, ಕಹಿ. ಖರ್ಜೂರ ಕಚ್ಚಿ ಒಂದು ಗುಟುಕು ಕುಡಿದರೆ ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ನಿದ್ದೆಗೆ ಮಾತ್ರ ಒಳ್ಳೆಯದಲ್ಲ.

ನಿದ್ದೆ ಎಂದಾಗ ಇನ್ನೊಂದು ಮಾತು. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕ ನನ್ನ ಚೀಲದಲ್ಲೇ ಇರುತ್ತದೆ. ನೆಲದ ಮೇಲೆ 97 ತೋರಿಸುವುದು ವಿಮಾನದಲ್ಲಿ 92ಕ್ಕೆ ಬರುತ್ತದೆ. ಎರಡು ಗ್ಲಾಸು ವೈನ್ ಕುಡಿದು ಮಲಗಿದ ಒಂದು ರಾತ್ರಿ ಎದೆ ಬಡಿತ ಜೋರಾಗಿ ಎಚ್ಚರವಾಗಿ ನೋಡಿದರೆ 87. ಯಂತ್ರ ಕೆಟ್ಟಿದೆ ಎಂದುಕೊಂಡೆ. 2024ರಲ್ಲಿ ಜರ್ಮನಿಯ ಸಂಶೋಧಕರು ಥೊರಾಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಓದಿದ ಮೇಲೆ ಯಂತ್ರದ ಮೇಲಿನ ಅನುಮಾನ ಹೋಯಿತು. ವಿಮಾನದೊಳಗಿನಷ್ಟೇ ಒತ್ತಡವಿದ್ದ ಕೋಣೆಯಲ್ಲಿ, ಕುಡಿದು ಮಲಗಿದ ಆರೋಗ್ಯವಂತ ಯುವಕರಲ್ಲೇ ಆಮ್ಲಜನಕ ಶೇ 85ರ ಆಸುಪಾಸಿಗೆ ಇಳಿದಿತ್ತು, ನಾಡಿ 88ಕ್ಕೆ ಏರಿತ್ತು. ನನ್ನದು ಯುವಕರ ಹೃದಯವಲ್ಲ. ಈಗ ಊಟದ ಜೊತೆ ಒಂದು ಗ್ಲಾಸು, ಮಲಗುವ ಮುಂಚೆ ನೀರು. ಬಾಟಲಿ ಎಷ್ಟೇ ದುಬಾರಿಯದಿರಲಿ.

ಹಾಗಾದರೆ ಯಾವುದು? ಕೆಂಪು ವೈನ್ ಪ್ರಿಯರಿಗೆ ಎಮಿರೇಟ್ಸ್, ಅನುಮಾನವೇ ಇಲ್ಲ. ನನ್ನನ್ನು ಕೇಳಿದರೆ ಲುಫ್ತಾನ್ಸಾದ ರೀಸ್ಲಿಂಗ್ ಒಂದು ಗ್ಲಾಸು, ಟೊಮೆಟೊ ರಸ ಒಂದು ಗ್ಲಾಸು. ಆದರೆ ಡಿಸೆಂಬರಿನಲ್ಲಿ ಇಬ್ಬರೂ ಮತ್ತೆ ಜರ್ಮನಿಗೆ ಹೊರಟಿದ್ದೇವೆ, ಟಿಕೆಟ್ ಕತಾರ್‌ನ ದೋಹಾ ಮೂಲಕ ಆಗಿದೆ. ತೀರ್ಮಾನ ಯಾರದ್ದೆಂದು ಹೇಳಬೇಕಿಲ್ಲ.

ಹೋದ ಸಲ ಅದೇ ದಾರಿಯಲ್ಲಿ, ನಾನು ಡಬ್ಬಿ ತೆರೆದು ಎರಡನೆಯ ಪೇಡೆ ತಿನ್ನುವುದನ್ನು ಗಗನಸಖಿಯೊಬ್ಬಳು ಕುತೂಹಲದಿಂದ ನೋಡುತ್ತಿದ್ದಳು. ಒಂದು ಕೊಟ್ಟೆ. ತಿಂದು, ಭಾರತದ ಸಿಹಿಗಳೆಲ್ಲ ತನಗೆ ಅತಿ ಸಿಹಿ, ಇದೊಂದೇ ಹದವಾಗಿದೆ ಎಂದಳು. ನೆಲಕ್ಕೆ ಇಳಿದ ಮೇಲೆ ತಿಂದು ನೋಡಮ್ಮಾ ಎಂದು ಇನ್ನೆರಡನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಕೊಟ್ಟೆ.