ಪ್ಯಾರಿಸ್‌ನಲ್ಲಿ ಮೂರು ವಸತಿಗಳು: ವಿನಿಮಯ ವಿದ್ಯಾರ್ಥಿಯೊಬ್ಬರ ಅನುಭವದ ಹೋಲಿಕೆ

ವಿನಿಮಯ ವಿದ್ಯಾರ್ಥಿಯಾಗಿ ಪ್ಯಾರಿಸ್‌ಗೆ ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಬಾಡಿಗೆ ಎಷ್ಟಾದೀತು ಎಂಬುದನ್ನು. 2023ರ ಸೆಪ್ಟೆಂಬರ್‌ನಿಂದ ಮರುವರ್ಷದ ಬೇಸಿಗೆಯವರೆಗೆ ಆ ನಗರದಲ್ಲಿದ್ದು, ಮೂರು ಬೇರೆ ಬೇರೆ ಬಗೆಯ ವಸತಿಗಳಲ್ಲಿ ಬಾಳಿ ನೋಡಿದ ಮೇಲೆ, ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂದು ನಾನು ನಂಬಿದ್ದೇನೆ. ಈ ಮನೆ ನನ್ನ ಹೆಸರಿನಲ್ಲಿ ಕಾಗದ ಕೊಡುತ್ತದೆಯೇ ಎಂಬುದೇ ಆ ಪ್ರಶ್ನೆ.

ಇದಕ್ಕೆ ಕಾರಣವಿದೆ. ದೀರ್ಘಾವಧಿಯ ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಫ್ರಾನ್ಸ್ ತಲುಪಿದ ಮೂರು ತಿಂಗಳೊಳಗೆ ಅದನ್ನು ಅಂತರ್ಜಾಲದಲ್ಲಿ ಊರ್ಜಿತಗೊಳಿಸಬೇಕು. ಅದಕ್ಕೆ ಅಲ್ಲಿನ ವಿಳಾಸ ಬೇಕು. ಬ್ಯಾಂಕ್ ಖಾತೆ ತೆರೆಯಲು ವಿಳಾಸದ ಪುರಾವೆ ಬೇಕು. ಖಾತೆ ತೆರೆದ ಮೇಲೆ ಸಿಗುವ ‘ರಿಬ್’ ಎಂಬ ವಿವರಪತ್ರವಿಲ್ಲದೆ ಮೊಬೈಲ್ ಸಂಪರ್ಕದಿಂದ ಹಿಡಿದು ವಸತಿ ನೆರವಿನವರೆಗೆ ಯಾವುದೂ ಮುಂದೆ ಸಾಗುವುದಿಲ್ಲ. ಆದರೆ ಮನೆ ಕೊಡುವ ಮಾಲೀಕರಲ್ಲಿ ಹಲವರು ಮೊದಲೇ ಫ್ರೆಂಚ್ ಬ್ಯಾಂಕ್ ಖಾತೆಯನ್ನೂ, ಬಾಡಿಗೆ ತಪ್ಪಿದರೆ ಕಟ್ಟಿಕೊಡುವ ಜಾಮೀನುದಾರರನ್ನೂ ಕೇಳುತ್ತಾರೆ. ಈ ಸುತ್ತನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಲೇಬೇಕು. ಜಾಮೀನಿನ ಮಟ್ಟಿಗೆ ‘ವಿಸಾಲ್’ ಎಂಬ ಸಾರ್ವಜನಿಕ ವ್ಯವಸ್ಥೆ ಮೂವತ್ತರೊಳಗಿನವರಿಗೆ ಉಚಿತವಾಗಿ ನೆರವಾಗುತ್ತದೆ. ಪ್ಯಾರಿಸ್‌ನಲ್ಲಿ ಬಂಧುಗಳಿಲ್ಲದ ನಮ್ಮಂಥವರು ಊರಿನಿಂದ ಹೊರಡುವ ಮುನ್ನವೇ ಅದರ ಷರತ್ತುಗಳನ್ನು ಓದಿಕೊಳ್ಳುವುದು ಒಳ್ಳೆಯದು.

ನಾನು ಓದುತ್ತಿದ್ದುದು ಸೀನ್ ನದಿಗೆ ಹತ್ತಿರವಿರುವ ಝುಸ್ಯು ಆವರಣದಲ್ಲಿ. ಮೊದಲು ನೆಲೆಸಿದ್ದು ನಗರದ ಪಶ್ಚಿಮಕ್ಕಿರುವ 16ನೇ ವಾರ್ಡಿನ ಓತೈ ಭಾಗದ ಒಂದು ‘ಶಾಂಬ್ರ್ ದ ಬೊನ್’ನಲ್ಲಿ, ಎಂದರೆ ಹಳೆಯ ಶ್ರೀಮಂತ ಕಟ್ಟಡಗಳ ತುತ್ತತುದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಕಾಲದಲ್ಲಿ ಮನೆಗೆಲಸದವರಿಗೆಂದು ಕಟ್ಟಿದ ಕೋಣೆಯಲ್ಲಿ. ಚಳಿಗಾಲವನ್ನು ಕಳೆದದ್ದು ನಗರದ ಆಗ್ನೇಯ ಅಂಚಿಗೆ ತಾಗಿಕೊಂಡಿರುವ ಇವ್ರಿ ಪಟ್ಟಣದ ಹಂಚಿಕೆಯ ಮನೆಯಲ್ಲಿ. ಇದನ್ನು ಅಲ್ಲಿನ ವಿದ್ಯಾರ್ಥಿಗಳು ‘ಕೊಲೊಕ್’ ಎನ್ನುತ್ತಾರೆ. ಕೊನೆಯ ತಿಂಗಳುಗಳಲ್ಲಿ ದಕ್ಷಿಣದ 14ನೇ ವಾರ್ಡಿನ ‘ಸಿತೆ ಯೂನಿವರ್ಸಿತೇರ್’ನಲ್ಲಿ, ಎಂದರೆ ನಾನಾ ದೇಶಗಳ ಹೆಸರಿನ ವಿದ್ಯಾರ್ಥಿನಿವಾಸಗಳು ಒಟ್ಟಿಗಿರುವ ಆವರಣದಲ್ಲಿ, ಕೋಣೆ ದೊರೆಯಿತು. ಕ್ರೂಸ್ ಸಂಸ್ಥೆಯ ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ನಾನು ಇರಲಿಲ್ಲವಾದ್ದರಿಂದ ಅವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಾಗದದ ವಿಷಯದಲ್ಲಿ ಸಿತೆಗೆ ಸರಿಸಾಟಿಯಿಲ್ಲ. ಕೋಣೆ ವಹಿಸಿಕೊಳ್ಳುವಾಗಲೇ ಮೊಹರು ಹಾಕಿದ ನಿವಾಸ ಪ್ರಮಾಣಪತ್ರ ಕೈಗೆ ಬರುತ್ತದೆ, ಅದನ್ನು ಯಾವ ಬ್ಯಾಂಕೂ ಯಾವ ಕಚೇರಿಯೂ ಪ್ರಶ್ನಿಸುವುದಿಲ್ಲ. ಶಾಂಬ್ರ್ ದ ಬೊನ್‌ಗಳ ವಿಷಯ ಹಾಗಲ್ಲ. ಓತೈಯ ಕೋಣೆ ಸಿಗುವ ಮುನ್ನ ನಾನು ನೋಡಿದ ಕೋಣೆಗಳಲ್ಲಿ ಕೆಲವಕ್ಕೆ ಕರಾರುಪತ್ರವೇ ಇರಲಿಲ್ಲ, ಬಾಡಿಗೆಯನ್ನು ನಗದಾಗಿಯೇ ಕೊಡಬೇಕಿತ್ತು. ಇನ್ನು ಕೆಲವು ಕಾನೂನು ಹೇಳುವ ಅಳತೆಗಿಂತ ಚಿಕ್ಕವಾಗಿದ್ದವು. ಫ್ರಾನ್ಸ್‌ನಲ್ಲಿ ಬಾಡಿಗೆಗೆ ಕೊಡುವ ವಾಸಸ್ಥಳದ ಮುಖ್ಯ ಕೋಣೆ ಕನಿಷ್ಠ 9 ಚದರ ಮೀಟರ್ ವಿಸ್ತೀರ್ಣ ಮತ್ತು 2.20 ಮೀಟರ್ ಎತ್ತರ, ಇಲ್ಲವೇ 20 ಘನ ಮೀಟರ್ ಗಾತ್ರ ಹೊಂದಿರಬೇಕು. ಇಳಿಜಾರು ಮಾಡಿನ ಕೋಣೆಗಳಲ್ಲಿ ನೆಲ ಎಷ್ಟಿದ್ದರೂ ತಲೆಯೆತ್ತಿ ನಿಲ್ಲುವ ಜಾಗ ಅದರ ಅರ್ಧವೇ ಇರಬಹುದು. 9 ಚದರ ಮೀಟರಿಗಿಂತ ಕಿರಿದಾದ ಕೋಣೆಗೆ ವಸತಿ ನೆರವೂ ಸಿಗುವುದಿಲ್ಲ. ಹಾಗಾಗಿ ಅಳತೆಪಟ್ಟಿಯನ್ನು ಜೊತೆಯಲ್ಲೇ ಒಯ್ಯಿರಿ ಎಂದು ಹೊರಡುವವರಿಗೆಲ್ಲ ನಾನು ಹೇಳುತ್ತೇನೆ. ನನ್ನ ಮನೆಯೊಡತಿ ಮಾಡಿಕೊಟ್ಟದ್ದು ‘ಬಾಯ್ ಮೊಬಿಲಿತೆ’ ಎಂಬ ಕರಾರು. 2018ರ ಕಾಯ್ದೆಯಿಂದ ಬಂದ ಈ ಕರಾರಿನ ಅವಧಿ ಒಂದರಿಂದ ಹತ್ತು ತಿಂಗಳು, ಮತ್ತು ಇದರಲ್ಲಿ ಮುಂಗಡ ಠೇವಣಿ ಕೇಳುವಂತೆಯೇ ಇಲ್ಲ. ಒಂದು ಸೆಮಿಸ್ಟರ್‌ಗೆ ಬರುವವರಿಗೆ ಇದಕ್ಕಿಂತ ಹೊಂದುವ ಕರಾರನ್ನು ನಾನು ಕಂಡಿಲ್ಲ.

ಕೊಲೊಕ್‌ನಲ್ಲಿ ಕಾಗದದ ಗೋಜು ಎಲ್ಲಕ್ಕಿಂತ ಹೆಚ್ಚು. ಕೋಣೆ ಖಾಲಿಯಿದೆ ಎಂದು ಕರೆಯುವವರು ಅನೇಕ ವೇಳೆ ಮಾಲೀಕರಲ್ಲ, ಮೂಲ ಬಾಡಿಗೆದಾರರು. ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಅವರು ಒಳಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಹಾಗೆ ಹೊಕ್ಕವರ ಹೆಸರು ಎಲ್ಲೂ ದಾಖಲಾಗುವುದಿಲ್ಲ. ಇವ್ರಿಯ ಮನೆಯಲ್ಲಿ ನನ್ನ ಹೆಸರನ್ನು ಕರಾರಿಗೆ ಸೇರಿಸುವವರೆಗೆ ನಾನು ಪೆಟ್ಟಿಗೆ ಒಯ್ಯಲಿಲ್ಲ, ಅದಕ್ಕಾಗಿ ಕೆಲವು ವಾರ ಕಾದದ್ದಕ್ಕೆ ನನಗೆ ಬೇಸರವೂ ಇಲ್ಲ. ‘ಕಾಫ್’ ಕಚೇರಿ ಬಾಡಿಗೆಯ ಒಂದು ಭಾಗವನ್ನು ತುಂಬಿಕೊಡುವ ಆ ವಸತಿ ನೆರವು ಹೆಸರಿದ್ದವರಿಗೆ ಮಾತ್ರ. ಮನೆ ಹೊಕ್ಕ ಮೊದಲ ತಿಂಗಳಿಗೆ ಅದು ಅನ್ವಯಿಸುವುದಿಲ್ಲ ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಯೂರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ನಿಯಮಗಳು ಬಜೆಟ್ಟಿನೊಂದಿಗೆ ಬದಲಾಗುವುದರಿಂದ, ಆ ನೆರವನ್ನು ನಂಬಿ ಬಾಡಿಗೆ ಒಪ್ಪಿಕೊಳ್ಳುವ ಮುನ್ನ ಆ ವರ್ಷದ ನಿಯಮವನ್ನು ನೋಡಲೇಬೇಕು.

ಓಡಾಟದಲ್ಲಿ ಮೂರೂ ಕಡೆ ದೊಡ್ಡ ಅಂತರವಿಲ್ಲ. ಓತೈಯಿಂದ 10ನೇ ಮೆಟ್ರೊ, ಇವ್ರಿಯಿಂದ 7ನೇ ಮೆಟ್ರೊ, ಎರಡೂ ಬದಲಾಯಿಸದೆ ಝುಸ್ಯುವಿಗೇ ತಲುಪಿಸುತ್ತವೆ. 7ನೇ ಮಾರ್ಗ ದಕ್ಷಿಣದಲ್ಲಿ ಇವ್ರಿಗೂ ವಿಲ್‌ಝ್ವಿಫ್‌ಗೂ ಕವಲೊಡೆಯುವುದರಿಂದ ಮರಳುವಾಗ ಫಲಕ ನೋಡಿ ಹತ್ತಬೇಕು. ಸಿತೆಯಿಂದ ಆರ್‌ಇಆರ್ ಬಿ ರೈಲಿನಲ್ಲಿ ಲುಕ್ಸಾಂಬೂರ್‌ಗೆ ಬಂದು ಅಲ್ಲಿಂದ ನಡೆಯುತ್ತಿದ್ದೆ, ಆ ನಡಿಗೆ ನನಗೆ ಇಷ್ಟವಾಗಿತ್ತು. ಇಲ್ಲಿ ನಿಜವಾಗಿ ಹೋಲಿಸಬೇಕಾದದ್ದು ಪಾಸುಗಳನ್ನು. ಮಾಸಿಕ ನಾವಿಗೊ ಪಾಸು ತಿಂಗಳ ಒಂದನೇ ತಾರೀಖಿನಿಂದ ಕೊನೆಯ ದಿನದವರೆಗಿನದು. ನಡುವೆ ಕೊಂಡರೂ ಕೊನೆಯ ದಿನಕ್ಕೇ ಮುಗಿಯುತ್ತದೆ, 2024ರಲ್ಲಿ ಅದರ ಬೆಲೆ 86.40 ಯೂರೋ ಇತ್ತು. 26 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಇಮಾಜಿನ್ ಎರ್ ಎಂಬ ವಾರ್ಷಿಕ ಪಾಸಿದೆ, ಅದೂ ಇಡೀ ಮಹಾನಗರ ಪ್ರದೇಶಕ್ಕೆ ಅನ್ವಯಿಸುತ್ತದೆ. ಮಾಸಿಕ ಪಾಸನ್ನು ಐದು ತಿಂಗಳು ಕೊಂಡರೆ ಆಗುವ ಮೊತ್ತ ಈ ವಾರ್ಷಿಕ ಪಾಸಿನ ಬೆಲೆಯನ್ನು ದಾಟುವುದರಿಂದ, ಒಂದೇ ಸೆಮಿಸ್ಟರ್ ಇರುವವರಿಗೂ ವಾರ್ಷಿಕವೇ ಅಗ್ಗ.

ಅಡುಗೆಮನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಪರದೇಶದಲ್ಲಿ ಮನಸ್ಸು ಊರುವುದು ಬಹುಮಟ್ಟಿಗೆ ಅಲ್ಲಿಯೇ. ಓತೈಯ ಕೋಣೆಯಲ್ಲಿ ಹಾಸಿಗೆಯ ಪಕ್ಕದಲ್ಲೇ ಒಂದು ವಿದ್ಯುತ್ ಒಲೆ ಇತ್ತು, ಗಾಳಿಗೆ ಛಾವಣಿಯ ಕಿಟಕಿಯೊಂದೇ ದಾರಿ. ಸಾಸಿವೆ ಸಿಡಿಸಿದರೆ ಆ ವಾಸನೆ ಕೋಟಿಗೂ ಪುಸ್ತಕಕ್ಕೂ ಅಂಟಿ ಮರುದಿನದವರೆಗೆ ಹೋಗುತ್ತಿರಲಿಲ್ಲ. ಹೀಗಾಗಿ ಅಲ್ಲಿದ್ದಷ್ಟು ಕಾಲ ಮಧ್ಯಾಹ್ನದ ಊಟವನ್ನು ಕ್ರೂಸ್‌ನ ವಿದ್ಯಾರ್ಥಿ ಭೋಜನಾಲಯದಲ್ಲಿ ಮಾಡುತ್ತಿದ್ದೆ; ಆಗ ಅದರ ಬೆಲೆ 3.30 ಯೂರೋ. ಆ ಬೆಲೆಗೆ ಪ್ಯಾರಿಸ್‌ನಲ್ಲಿ ಬೇರೆಲ್ಲೂ ಹೊಟ್ಟೆ ತುಂಬದು. ಸಸ್ಯಾಹಾರಿಗಳಿಗೆ ಆಯ್ಕೆ ಇರುತ್ತದೆ, ಆದರೆ ತೊಗರಿಬೇಳೆಯ ಸಾರು ಉಂಡು ಬೆಳೆದವರ ನಾಲಿಗೆಗೆ ಅದು ಬಹಳ ಕಾಲ ಒಗ್ಗುವುದಿಲ್ಲ. ಇವ್ರಿಗೆ ಬಂದ ಮೇಲೆ ಪರಿಸ್ಥಿತಿ ಪೂರ್ತಿ ಬದಲಾಯಿತು. ಅಲ್ಲಿಂದ ಕೆಲವೇ ನಿಲ್ದಾಣ ಮುಂದಕ್ಕೆ, 13ನೇ ವಾರ್ಡಿನ ಏಷ್ಯನ್ ಅಂಗಡಿಗಳ ಬೀದಿಗಳಿವೆ. ಇವ್ರಿ ಅವೆನ್ಯೂನಲ್ಲಿರುವ ತಾಂಗ್ ಫ್ರೇರ್ ಅಂಗಡಿಯಲ್ಲಿ ಅಕ್ಕಿಯ ದೊಡ್ಡ ಚೀಲ, ತೆಂಗಿನಕಾಯಿ ಹಾಲು, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸಿಗುತ್ತವೆ. ಉದ್ದಿನಬೇಳೆ, ಹುಣಸೆಹಣ್ಣು, ಇಂಗು ಬೇಕೆಂದರೆ ಮಾತ್ರ ಉತ್ತರಕ್ಕೆ ಲಾ ಶಾಪೆಲ್‌ನ ತಮಿಳು ಅಂಗಡಿಗಳಿಗೆ ಹೋಗಬೇಕು. ಶ್ರೀಲಂಕಾದ ತಮಿಳರು ನೆಲೆಗೊಳಿಸಿದ ಆ ಬೀದಿಗಳಲ್ಲಿ ಗಣೇಶನ ಗುಡಿಯೂ ಇದೆ, ಬೇಸಿಗೆಯ ಕೊನೆಗೆ ರಥ ಹೊರಟಾಗ ರಸ್ತೆಯ ಮೇಲೆ ರಾಶಿ ತೆಂಗಿನಕಾಯಿ ಒಡೆಯುತ್ತಾರೆ. ಸೆಪ್ಟೆಂಬರ್‌ಗೆ ಕೊಂಚ ಮೊದಲು ಬರುವವರು ತಪ್ಪದೆ ನೋಡಲಿ.

ಸಿತೆಯಲ್ಲಿ ಪ್ರತಿ ಮಹಡಿಗೂ ಸಾಮೂಹಿಕ ಅಡುಗೆಮನೆ. ನಾನಿದ್ದುದು 1968ರಲ್ಲಿ ಕಟ್ಟಿದ ‘ಮೆಸೋನ್ ದ ಲ್ಯಾಂದ್’, ಅಂದರೆ ಭಾರತದ ಮನೆಯಲ್ಲಿ. ಹೆಸರು ಹಾಗಿದ್ದರೂ ಪ್ರತಿ ದೇಶದ ಮನೆಯಲ್ಲೂ ಬೇರೆ ದೇಶದವರಿಗೆ ಜಾಗ ಕೊಡುವುದು ಅಲ್ಲಿನ ಪದ್ಧತಿ. ಮೊದಲ ಮಹಾಯುದ್ಧದ ನಂತರ, ನಾನಾ ದೇಶಗಳ ಯುವಕರು ಒಟ್ಟಿಗೆ ಬಾಳಿದರೆ ಶಾಂತಿ ನೆಲೆಸೀತು ಎಂಬ ಆಸೆಯಿಂದಲೇ 1925ರಲ್ಲಿ ಅದರ ಮೊದಲ ಮನೆಗಳು ತೆರೆದವು. ಆ ಅಡುಗೆಮನೆಯಲ್ಲಿ ಹಿಂದಿ, ಮಲಯಾಳ, ಫ್ರೆಂಚ್, ಅರಬ್ಬಿ ಒಟ್ಟಿಗೆ ಕೇಳಿಸುತ್ತಿದ್ದವು. ಕುಕ್ಕರಿನ ಸೀಟಿಗೆ ಯಾರೂ ಬೆಚ್ಚಿಬೀಳುತ್ತಿರಲಿಲ್ಲ. ಆದರೆ ಫ್ರೆಂಚ್ ಕಲಿಯಬೇಕೆಂಬ ಆಸೆಯುಳ್ಳವರು ಗಮನಿಸಬೇಕಾದ ಒಂದು ಮಾತಿದೆ: ಸಿತೆಯಲ್ಲಿ ಇಂಗ್ಲಿಷಿನಲ್ಲಿಯೇ ದಿನ ಕಳೆದುಹೋಗುತ್ತದೆ. ಇವ್ರಿಯ ಮನೆಯಲ್ಲಿ ಜೊತೆಗಿದ್ದ ಇಬ್ಬರೂ ಫ್ರೆಂಚರು. ಕಸ ಯಾರು ಹಾಕಬೇಕು, ಹೀಟರ್ ಎಷ್ಟು ಹೊತ್ತು ಉರಿಸಬಹುದು ಎಂಬ ಚರ್ಚೆಗಳಲ್ಲಿ ನಾನು ಕಲಿತ ಫ್ರೆಂಚ್ ತರಗತಿಯಲ್ಲಿ ಕಲಿತದ್ದಕ್ಕಿಂತ ಗಟ್ಟಿಯಾಗಿ ನಿಂತಿತು. ಓತೈಯಲ್ಲಿ ಮಾತನಾಡಲು ಯಾರೂ ಇರಲಿಲ್ಲ. ಸೇವಕರ ಮೆಟ್ಟಿಲು ಬೇರೆ, ಮನೆಯವರ ಮೆಟ್ಟಿಲು ಬೇರೆ; ಶೌಚಾಲಯ ಮೆಟ್ಟಿಲ ಬಳಿಯದು, ಆರು ಮಹಡಿ ಹತ್ತಿ ಇಳಿದರೂ ನೆರೆಯವರ ಮುಖ ಕಾಣುತ್ತಿರಲಿಲ್ಲ. ಏಕಾಗ್ರವಾಗಿ ಬರೆಯುವ ಕೆಲಸವಿದ್ದವರಿಗೆ ಅದು ಒಳ್ಳೆಯ ಜಾಗವಾದೀತು. ಮೊದಲ ಬಾರಿ ದೇಶ ಬಿಟ್ಟು ಬಂದವರನ್ನು, ಅದರಲ್ಲೂ ಸಂಜೆ ಐದಕ್ಕೇ ಕತ್ತಲಾಗುವ ನವೆಂಬರ್‌ನಲ್ಲಿ, ಅಲ್ಲಿ ಒಂಟಿಯಾಗಿ ಇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಾಡಿಗೆ ಓತೈಯಲ್ಲಿ ಮತ್ತು ಸಿತೆಯಲ್ಲಿ ಹೆಚ್ಚು ಕಡಿಮೆ ಒಂದೇ ಇತ್ತು, ಇವ್ರಿಯಲ್ಲಿ ಸ್ವಲ್ಪ ಕಡಿಮೆ. ಆದರೆ ಓತೈಯಲ್ಲಿ ವಿದ್ಯುತ್ ಬಿಲ್ ಬೇರೆ, ತೆಳುವಾದ ಮಾಡಿನ ಕೆಳಗೆ ಚಳಿಗಾಲದಲ್ಲಿ ಅದು ಏರುತ್ತದೆ. ಸಿತೆಯಲ್ಲಿ ಬಿಸಿನೀರು, ವಿದ್ಯುತ್, ಅಂತರ್ಜಾಲ ಎಲ್ಲವೂ ಬಾಡಿಗೆಯಲ್ಲೇ ಅಡಗಿದ್ದವು. ಮನೆಯ ವಿಮೆಯನ್ನು ಎಲ್ಲ ಕಡೆ ಮಾಡಿಸಿದೆ, ಅದರ ಖರ್ಚು ಅಲ್ಪ.

ನನ್ನ ಆಯ್ಕೆ ಇದು: ಒಂದೇ ಸೆಮಿಸ್ಟರ್ ಇರುವವರು, ಸ್ನಾತಕೋತ್ತರ ಮಟ್ಟದವರಾಗಿದ್ದರೆ, ಮೊದಲು ಸಿತೆಗೆ ಅರ್ಜಿ ಹಾಕಲಿ. ಇಡೀ ವರ್ಷ ಇದ್ದು ಭಾಷೆಯನ್ನೂ ಊರನ್ನೂ ಒಳಹೊಕ್ಕು ತಿಳಿಯಬೇಕೆನ್ನುವವರಿಗೆ, ಹೆಸರು ಕರಾರಿನಲ್ಲಿರುವ ಕೊಲೊಕ್ ಮೇಲು. ಶಾಂಬ್ರ್ ದ ಬೊನ್ ಇವೆರಡೂ ಕೈತಪ್ಪಿದಾಗಿನ ಆಸರೆ.

ಕೊಲೊಕ್ ಆರಿಸುವವರು ಸಹಿ ಹಾಕುವ ಮುನ್ನ ಕರಾರಿನಲ್ಲಿ ಜಂಟಿ ಹೊಣೆಯ ಷರತ್ತಿದೆಯೇ ಎಂದು ನೋಡಬೇಕು. ಅದಿದ್ದರೆ, ನೀವು ನೋಟಿಸು ಕೊಟ್ಟು ಹೊರಟ ಮೇಲೂ, ನಿಮ್ಮ ಜಾಗಕ್ಕೆ ಹೊಸಬರ ಹೆಸರು ಸೇರದಿದ್ದಲ್ಲಿ, ಉಳಿದವರು ತಪ್ಪಿಸಿದ ಬಾಡಿಗೆಗೆ ನೋಟಿಸಿನ ಅವಧಿ ಮುಗಿದು ಆರು ತಿಂಗಳವರೆಗೆ ನೀವು ಹೊಣೆ. ಇವ್ರಿ ಬಿಡುವಾಗ ನನ್ನ ಕೋಣೆಗೆ ಬರುವವರನ್ನು ಹುಡುಕಿ, ಅವರ ಹೆಸರು ಕರಾರಿಗೆ ಸೇರಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೀಲಿಕೈ ಒಪ್ಪಿಸಿದೆ. ಠೇವಣಿ ಮರಳುವುದಕ್ಕೆ ಕಾನೂನು ಒಂದರಿಂದ ಎರಡು ತಿಂಗಳ ಗಡುವು ಕೊಡುತ್ತದೆ. ಊರಿಗೆ ಹಿಂತಿರುಗುವವರು ಆ ಹಣ ಬಂದು ಸೇರುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬಾರದು.