ಚಳಿಗಾಲದ ಸೈಕಲ್ ಸವಾರಿಗೆ ಕಾಲಿಗೇನು ಹಾಕಬೇಕು?

ಗಂಗಾವತಿಯಿಂದ ಆನೆಗೊಂದಿ, ಸಾಣಾಪುರದ ಕಡೆ ಡಿಸೆಂಬರ್ ಬೆಳಗ್ಗೆ ಸೈಕಲ್ ಹೊಡೆಯುವವರಿಗೆ ಮೊದಲು ಮರಗಟ್ಟೋದು ಕಾಲ್ಬೆರಳು. ನಮ್ಮ ಕಡೆ ಚಳಿ ಅಂದ್ರೆ 15 ಡಿಗ್ರಿ ಆಸುಪಾಸು, ಇದೇನ್ ಮಹಾ ಅಂತ ಕೊಡಗಿನವರು ನಗಬಹುದು. ಆದರೆ ಭತ್ತದ ಗದ್ದೆ, ಬಾಳೆ ತೋಟ, ಕಾಲುವೆ ಪಕ್ಕದ ಮಂಜೆಲ್ಲ ಬೂಟಿಗೆ ಕೂತು ಅದರ ಮೇಲೆ ಗಾಳಿ ಹೊಡೆದರೆ ಬೆರಳು ಇದೆಯೋ ಇಲ್ಲವೋ ಗೊತ್ತಾಗಲ್ಲ. ಮತ್ತೆ ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ. ಹಾಗಾಗಿ ಇಲ್ಲಿ ಬೇಕಾಗಿರೋದು ಬೆಳಗ್ಗೆ ಗಾಳಿ ತಡೆದು, ಆಮೇಲೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಲು ಬರುವಂಥದ್ದು.

ನನ್ನದು ಸಾದಾ ಚಪ್ಪಟೆ ಪೆಡಲ್, ಜಾರದ ಹಾಗೆ ಮೇಲೆ ಸಣ್ಣ ಮೊಳೆಗಳಿವೆ. ಬೂಟು ಜಾಲರಿ ಬಟ್ಟೆಯ ಸ್ಪೋರ್ಟ್ಸ್ ಶೂ. ಓಡೋಕೆ ಒಳ್ಳೇದು, ಚಳಿಗೆ ಕಿಟಕಿ ತೆರೆದಿಟ್ಟ ಮನೆ. ಜೊತೆಗೆ ಕಾಟನ್ ಸಾಕ್ಸ್ ಹಾಕಿದರೆ ಮುಗೀತು, ಒಮ್ಮೆ ಒದ್ದೆಯಾದರೆ ಆರೋದೇ ಇಲ್ಲ.

ಗಮ್‌ಬೂಟು ಹಾಕಿ ನೋಡಿದೆ, ಗದ್ದೆಗೆ ಔಷಧಿ ಹೊಡೆಯುವವರು ಹಾಕೋದು. ನೀರು ಒಂದು ಹನಿ ಒಳಗೆ ಬರಲ್ಲ. ಬೆವರು ಹೊರಗೂ ಹೋಗಲ್ಲ. ಹಿಮ್ಮಡಿ ಒಳಗೇ ಮೇಲೆ ಕೆಳಗೆ ಆಡುತ್ತದೆ, ಏರು ಬಂದರೆ ಬೇಡಪ್ಪಾ ಅನಿಸುತ್ತದೆ. ಮಳೆಗಾಲಕ್ಕೆ ಇರಲಿ.

ಬ್ರೆಡ್ ಕವರನ್ನು ಸಾಕ್ಸ್ ಮೇಲೆ ಹಾಕಿ ಆಮೇಲೆ ಬೂಟು ಹಾಕೋದು ಹಳೇ ಉಪಾಯ. ಪುಕ್ಕಟೆ ಬೇರೆ. ಗಾಳಿ ಅಲ್ಲೇ ನಿಲ್ಲುತ್ತದೆ, ಮೊದಲ ಒಂದು ತಾಸು ಹಾಯಾಗಿರುತ್ತದೆ. ಆಮೇಲೆ ಬೆವರು ಒಳಗೇ ಕೂತು ಸಾಕ್ಸ್ ಒದ್ದೆಯಾಗುತ್ತದೆ, ಕಾಲೂ ಸ್ವಲ್ಪ ಜಾರುತ್ತದೆ. ಸಣ್ಣ ಸವಾರಿಗೆ ಸಾಕು.

ಆನ್‌ಲೈನ್‌ನಲ್ಲಿ ತರಿಸಿದ ನಿಯೋಪ್ರೀನ್ ಕವರು, ಅಂದ್ರೆ ಬೂಟಿನ ಮೇಲೆ ಹಾಕುವ ಸ್ಪಂಜಿನಂಥ ರಬ್ಬರ್ ಕವರು, ಎಲ್ಲಕ್ಕಿಂತ ಬೆಚ್ಚಗಿತ್ತು, ಒಪ್ಪಿಕೊಳ್ಳಬೇಕು. ಆದರೆ ಅದನ್ನು ಮಾಡಿರೋದೇ ಬೂಟಿನ ಅಡಿ ಸಿಕ್ಕಿಸಿ ಲಾಕ್ ಆಗುವ ಪೆಡಲ್‌ನವರಿಗೆ. ಕೆಳಗೆ ಲಾಕ್‌ಗೆ ಅಂತ ತೂತು ಬಿಟ್ಟಿರುತ್ತಾರೆ, ನಮಗೆ ಅದರಿಂದ ನೀರು ಒಳಗೆ ಬರುತ್ತದೆ. ತೂತಿನ ಅಂಚು ಪೆಡಲ್ ಮೊಳೆಗೆ ಸಿಕ್ಕಿ ಹರಿಯುತ್ತಾ ಹೋಗುತ್ತದೆ. ಬಿಸಿಲೇರಿದ ಮೇಲೆ ಬಿಚ್ಚಿದರೆ ಇಡೋಕೆ ಜಾಗವಿಲ್ಲ, ಅಷ್ಟು ದಪ್ಪ. ಅಷ್ಟು ದುಡ್ಡು ಕೊಟ್ಟು ಇದು ಬೇಕಾ?

ನಾನು ಈಗ ಬಳಸೋದು ತೆಳು ಉಣ್ಣೆ ಸಾಕ್ಸ್ ಮತ್ತು ಬೂಟಿನ ಮೂತಿಗೆ ಮಾತ್ರ ಒಂದು ರೆಕ್ಸಿನ್ ಟೋಪಿ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ, ಕಾಟನ್‌ಗೆ ಆ ಗುಣ ಇಲ್ಲ. ದಪ್ಪ ಉಣ್ಣೆ ಬೇಡ. ಬೂಟು ಬಿಗಿಯಾದರೆ ರಕ್ತ ಓಡಾಡಲ್ಲ, ಒಳಗೆ ಗಾಳಿಗೂ ಜಾಗ ಇರಲ್ಲ, ಚಳಿ ಇನ್ನೂ ಜಾಸ್ತಿ. ಟೋಪಿಯನ್ನು ಚಪ್ಪಲಿ ಹೊಲಿಯುವ ಅಣ್ಣನೊಬ್ಬರ ಹತ್ತಿರ ಹೊಲಿಸಿದೆ. ಬೂಟಿನ ಅಡಿಗೆ ಒಂದೇ ಪಟ್ಟಿ. ಆ ಪಟ್ಟಿ ಎಲ್ಲಿ ಬರುತ್ತದೆ ಅನ್ನೋದೇ ಮುಖ್ಯ. ಬೆರಳ ಬುಡದಲ್ಲಿ ಬಂದರೆ ಪೆಡಲ್ ಮೊಳೆ ಅದನ್ನು ಬೇಗ ತಿಂದುಹಾಕುತ್ತದೆ. ಅಂಗಾಲಿನ ಗುಳಿಯಲ್ಲಿ ಬಂದರೆ ಪೆಡಲ್‌ಗೆ ತಾಗೋದೇ ಇಲ್ಲ. ಪಾದದ ನಡುಭಾಗವನ್ನೇ ಪೆಡಲ್ ಮೇಲಿಟ್ಟು ತುಳಿಯುವವರಿಗೆ ಮಾತ್ರ ಇದು ಆಗಿಬರಲ್ಲ. ಅವರು ಪಟ್ಟಿ ಬಿಟ್ಟು ಜಾಲರಿಯ ಮೇಲೆ ಅಗಲ ಟೇಪ್ ಅಂಟಿಸಲಿ. ನೋಡೋಕೆ ಚೆಂದ ಇರಲ್ಲ, ಅಷ್ಟೇ.

ನಿಯೋಪ್ರೀನ್‌ನಷ್ಟು ಬೆಚ್ಚಗೆ ಇದು ಇಡಲ್ಲ. ನಮ್ಮ ಚಳಿಗೆ ಅಷ್ಟು ಬೇಕಾಗಿಯೂ ಇಲ್ಲ.

ಇನ್ನೊಂದು, ಮುಂದಿನ ಮಡ್‌ಗಾರ್ಡ್‌ಗೆ ಕೆಳಗೊಂದು ರಬ್ಬರ್ ತುಂಡು ನೇತುಹಾಕಿ. ಕಾಲುವೆ ನೀರು ರಸ್ತೆಗೆ ಹರಿದಿರುವ ಕಡೆ ಮುಂದಿನ ಗಾಲಿ ಎರಚುವ ನೀರು ನೇರ ಕಾಲಿಗೇ ಬರೋದು, ಅದಿಲ್ಲದೆ ಯಾವ ಬೂಟು ಹಾಕಿದರೂ ಅಷ್ಟಕ್ಕಷ್ಟೇ.