ಬೋರ್ಡ್ ಇಲ್ಲದ ಶೆಡ್ಡಲ್ಲಿ ರಿಪೇರಿಯಾದ ನಮ್ಮ ಹಳೇ ಚೈನ್ ಸಾ: ಮೂರು ತಿಂಗಳು ಓಡ್ಸಿದ ಮೇಲೆ ಬರೀತಿರೋ ರಿವ್ಯೂ

ಮಿಷನ್ ಮನೆಗೆ ಬಂದ ದಿನವೇ ಬರೆದಿದ್ರೆ ಬರೀ ಹೊಗಳಿಕೆ ಆಗ್ತಿತ್ತು, ಅದಕ್ಕೇ ಸುಮ್ನಿದ್ದೆ. ಈಗ ಮರಗಸಿ (ಕಾಫಿ ತೋಟದ ನೆರಳು ಮರದ ಕೊಂಬೆ ಸವರೋ ಕೆಲಸ) ಪೂರ್ತಿ ಮುಗ್ದಿದೆ, ಎರಡು ಚೈನ್ ಸವೆದಿದೆ, ಒಣಗಿ ನಿಂತಿದ್ದ ಒಂದು ದೊಡ್ಡ ಹಲಸು, ಲೆಕ್ಕ ಇಡದಷ್ಟು ಸಿಲ್ವರ್ ಓಕ್ ಮರ ಕುಯ್ದಾಗಿದೆ. ಇನ್ನು ಧೈರ್ಯವಾಗಿ ಬರೀಬಹುದು.

ಶೆಡ್ ಇರೋದು ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರ ಕಡೆ ಹೋಗೋ ರೋಡಲ್ಲಿ. ಬೋರ್ಡ್ ಇಲ್ಲ, ಹೆಸರಿಲ್ಲ, ಶೀಟ್ ಹಾಕಿದ ಒಂದು ಶೆಡ್ ಅಷ್ಟೇ, ಮುಂದೆ ಕಳೆ ಹೊಡೆಯೋ ಮಿಷನ್‌ಗಳು ಸಾಲಾಗಿ ಒರಗಿಸಿರ್ತವೆ, ಒಳಗೆ ಹೋದ್ರೆ ಒಂದು ಗೋಡೆ ತುಂಬಾ ಬಿಚ್ಚಿಟ್ಟ ಚೈನ್ ಸಾಗಳು. ಮೂಲೇಲಿ 106 ಸಿಸಿಯ ಹಳೇ ಸ್ಟಿಲ್ 070 ಕೂಡ ಒಂದಿದೆ, ಟಿಂಬರ್ ಕೆಲಸ ಜೋರಾಗಿದ್ದ ಕಾಲದ್ದು, ಅದನ್ನ ಎತ್ತಿ ನೋಡಿದ್ರೆ ಆಗಿನವರ ತೋಳು ಎಂಥದ್ದಿತ್ತು ಅಂತ ಗೊತ್ತಾಗುತ್ತೆ. ಕೆಲಸ ಮಾಡೋದು ಮೇಸ್ತ್ರಿ ಒಬ್ರು, ಜೊತೆಗೆ ಅವರ ಅಕ್ಕನ ಮಗ.

ನಮ್ಮ ಮಿಷನ್ ಹಸ್ಕ್ವಾರ್ನಾ 61. ಅಪ್ಪ ತೊಂಬತ್ತರ ದಶಕದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 2018ರ ಆಗಸ್ಟಲ್ಲಿ ಗುಡ್ಡ ಜರಿದು ನಮ್ಮ ಕಡೆ ರೋಡೆಲ್ಲ ಬಂದ್ ಆದಾಗ ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆ) ಮಕ್ಕಳು ಮುದುಕರನ್ನೆಲ್ಲ ಹೊರಗೆ ಕರ್ಕೊಂಡು ಬರೋಕೆ ಬಿದ್ದ ಮರ ಕುಯ್ದು ದಾರಿ ಬಿಡಿಸಿದ್ದು ಇದೇ ಮಿಷನ್, ಅವತ್ತು ಮಳೇಲಿ ನೆಂದು ನೆಂದು ಓಡಿತ್ತು. ಹಾಗಾಗಿ ಇದನ್ನ ಗುಜರಿಗೆ ಹಾಕಿ ಹೊಸದು ತಗೋ ಅಂತ ಯಾರಾದ್ರೂ ಹೇಳಿದ್ರೆ ನನಗೆ ಮನಸ್ಸು ಒಪ್ಪಲ್ಲ. ದುಡ್ಡಿನ ಮಾತೂ ಇದೆ, ಇದೇ ತಾಕತ್ತಿನ ಹೊಸ ಮಿಷನ್ ಕಂಪನಿಯಿಂದ ತಗೊಳ್ಳೋಕೆ ಹೋದ್ರೆ ಈ ರಿಪೇರಿಗಾದ ಖರ್ಚಿನ ಎಷ್ಟೋ ಪಟ್ಟು ಆಗುತ್ತೆ.

ಹೋದ ವರ್ಷ ಮಳೆ ಮುಗಿದ ಮೇಲೆ ತೊಂದ್ರೆ ಶುರುವಾಯ್ತು. ರೇಸ್ ಬಿಟ್ಟ ಮೇಲೂ ಇಂಜಿನ್ ಕೂಡ್ಲೇ ಇಳೀತಿರ್ಲಿಲ್ಲ, ನಾಲ್ಕೈದು ಸೆಕೆಂಡ್ ಕೂಗಿ ಆಮೇಲೆ ಇಳೀತಿತ್ತು, ಬಿಸಿ ಆದಾಗಂತೂ ಐಡ್ಲಿಂಗಲ್ಲೇ ಚೈನ್ ತಿರುಗೋದು. ಈ ಲಕ್ಷಣ ಕಂಡ್ರೆ ದಯವಿಟ್ಟು ಆ ಕ್ಷಣವೇ ಆಫ್ ಮಾಡಿ, ನಾನು ಮಾಡ್ಲಿಲ್ಲ, ಒಂದು ವಾರ ಹಾಗೇ ಓಡ್ಸಿದೆ, ಒಂದು ದಿನ ಸಿಲ್ವರ್ ಕುಯ್ತಿದ್ದ ಹಾಗೇ ಜಾಮ್ ಆಗಿ ನಿಂತುಹೋಯ್ತು. ಮೊದಲು ಬೇರೆ ಒಂದು ಕಡೆ ಕೊಟ್ಟೆ (ಎಲ್ಲಿ ಅಂತ ಬರೆಯಲ್ಲ). ಅವರು ಪಿಸ್ಟನ್, ರಿಂಗ್ ಎರಡೂ ಹೊಸದು ಹಾಕಿ, ಕಾರ್ಬುರೇಟರ್ ಸ್ಕ್ರೂ ಸ್ವಲ್ಪ ತಿರುಗಿಸಿ, ಎರಡೇ ದಿನದಲ್ಲಿ ವಾಪಸ್ ಕೊಟ್ರು. ಹನ್ನೊಂದನೇ ದಿನ ಮತ್ತೆ ಅದೇ ಕಥೆ, ಹೊಸ ಪಿಸ್ಟನ್ನೂ ಹೋಯ್ತು.

ಇನ್ನು ಈ ಶೆಡ್ಡಿನ ವಿಷಯ. ಮೇಸ್ತ್ರಿ ಮೊದಲು ಮಾಡಿದ್ದು ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಿಡಿದು ಒಳಗೆ ನೋಡಿದ್ದು. ಸೈಲೆನ್ಸರ್ ಕಡೆ ಪಿಸ್ಟನ್ ಮೇಲೆ ಉದ್ದುದ್ದ ಗೀರು. ನನ್ನನ್ನೂ ಕರೆದು ತೋರ್ಸಿದ್ರು. "ಪಿಸ್ಟನ್ ಈಗ್ಲೇ ಹಾಕ್ಬಹುದು ಸಾರ್, ಆದ್ರೆ ಇದು ಯಾಕೆ ಹೋಯ್ತು ಅಂತ ಗೊತ್ತಾಗದೇ ಹಾಕಿದ್ರೆ ಅದೂ ಹೋಗುತ್ತೆ" ಅಂದ್ರು. ಈ ಒಂದು ಮಾತಿಗೇ ನಾನು ಮಿಷನ್ ಅಲ್ಲಿ ಬಿಟ್ಟು ಬಂದಿದ್ದು.

ಆಮೇಲೆ ಅವರು ಮಾಡಿದ ಟೆಸ್ಟ್ ನಾನು ಇಷ್ಟು ವರ್ಷದಲ್ಲಿ ಎಲ್ಲೂ ನೋಡಿರ್ಲಿಲ್ಲ. ಹಳೇ ಟ್ಯೂಬ್ ರಬ್ಬರ್ ಕತ್ತರಿಸಿ ಸೈಲೆನ್ಸರ್ ಬಾಯಿ, ಕಾರ್ಬುರೇಟರ್ ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿ, ಪಿಸ್ಟನ್ ಕೆಳಗಿಳಿಸಿ ಇಟ್ಟು, ಪ್ಲಗ್ ತೂತಿನಿಂದ ಸಣ್ಣ ಪಂಪಲ್ಲಿ ಅರ್ಧ ಬಾರ್ ಒತ್ತಡ ಬರೋವಷ್ಟು ಗಾಳಿ ತುಂಬಿದ್ರು. ಗೇಜ್ ಮುಳ್ಳು ನಿಧಾನಕ್ಕೆ ಇಳಿಯೋಕೆ ಶುರುವಾಯ್ತು. ಸೋಪ್ ನೀರು ಹಚ್ಚಿದ್ರೆ ಮ್ಯಾಗ್ನೆಟ್ ಹಿಂದಿನ ಆಯಿಲ್ ಸೀಲ್ (ಕ್ರ್ಯಾಂಕ್ ಹೊರಗೆ ಬರೋ ಕಡೆ ಗಾಳಿ ಸೋರದ ಹಾಗೆ ತಡೆಯೋ ರಬ್ಬರ್ ಬಳೆ) ಹತ್ರ ಗುಳ್ಳೆ. ಅಷ್ಟಕ್ಕೇ ನಿಲ್ಲಿಸ್ದೆ ಅದೇ ಪಂಪನ್ನ ಉಲ್ಟಾ ಮಾಡಿ ಗಾಳಿ ಎಳೆದೂ ನೋಡಿದ್ರು, ಕೆಲವು ಸೀಲ್ ಒಳಗಿನ ಒತ್ತಡ ತಡ್ಕೊಳ್ಳುತ್ತಂತೆ ಆದ್ರೆ ಎಳೆದಾಗ ಬಿಡುತ್ತಂತೆ, ಕ್ಲಚ್ ಕಡೆ ಸೀಲ್ ಆ ಥರದ್ದೇ, ಎಳೆದಾಗ ಸೋರ್ತಿತ್ತು. ಎರಡೂ ಗಟ್ಟಿಯಾಗಿ ಪ್ಲಾಸ್ಟಿಕ್ ಥರ ಆಗಿದ್ವು.

ಗೊತ್ತಿಲ್ಲದವರಿಗೆ ಹೇಳ್ತೀನಿ, ಟೂ ಸ್ಟ್ರೋಕ್ ಇಂಜಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೇ ಪೆಟ್ರೋಲು ಗಾಳಿ ಎಳ್ಕೊಳ್ಳೋ ಪಂಪ್ ಇದ್ದ ಹಾಗೆ. ಸೀಲ್ ಸೋರಿದ್ರೆ ಕಾರ್ಬುರೇಟರ್ ದಾಟದೇ ಇರೋ ಬರೀ ಗಾಳಿ ಒಳಗೆ ಹೋಗುತ್ತೆ, ಪೆಟ್ರೋಲ್ ಪಾಲು ಕಮ್ಮಿ ಆಗುತ್ತೆ, ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ ಆದ್ದರಿಂದ ಅದೂ ಕಮ್ಮಿ, ಇಂಜಿನ್ ಕಾದು ಪಿಸ್ಟನ್ ಹಿಡ್ಕೊಳ್ಳುತ್ತೆ. ಸೀಲ್ ಅನ್ನೋದು ಕೆಲವು ನೂರು ರೂಪಾಯಿ ಸಾಮಾನು. ಅದನ್ನ ನೋಡದೇ ಇದ್ದಿದ್ದಕ್ಕೆ ನನಗೆ ಎರಡು ಪಿಸ್ಟನ್ ಒಂದು ಸಿಲಿಂಡರ್ ಹೋಯ್ತು.

ಸಿಲಿಂಡರ್ ಉಳಿಸೋಕೆ ಆಗುತ್ತಾ ಅಂತಾನೂ ನೋಡಿದ್ರು. ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರ್ ಗೋಡೆಗೆ ಮೆತ್ಕೊಂಡಿದ್ರೆ ಮಾತ್ರ, ಹತ್ತಿ ಸುತ್ತಿದ ಕಡ್ಡೀಲಿ ಆಸಿಡ್ ಮುಟ್ಟಿಸಿ ಅದನ್ನ ಕರಗಿಸಿ ತೆಗೀತಾರೆ, ಒಳಗಿನ ಕೋಟಿಂಗ್ ಗಟ್ಟಿ ಇದ್ರೆ ಅದೇ ಸಿಲಿಂಡರ್ ಮತ್ತೆ ಓಡುತ್ತೆ. ನಾನು ಕೂತಿದ್ದಾಗಲೇ ಇನ್ನೊಬ್ಬರ ಮಿಷನ್‌ಗೆ ಹೀಗೆ ಮಾಡಿ ಬರೀ ಪಿಸ್ಟನ್ ದುಡ್ಡಲ್ಲಿ ಮುಗಿಸಿದ್ರು. ನಮ್ಮದರಲ್ಲಿ ಕೋಟಿಂಗೇ ಎದ್ದು ಹೋಗಿತ್ತು, ಉಗುರು ಆಡಿಸಿದ್ರೆ ಸಿಗ್ತಿತ್ತು.

ಆಗ ಮೇಸ್ತ್ರಿ ಹೇಳಿದ್ದು 272ರ ಸಿಲಿಂಡರ್ ವಿಷಯ. ಹಸ್ಕ್ವಾರ್ನಾದ 61, 268, 272 ಮೂರೂ ಒಂದೇ ಮನೆ ಮಕ್ಕಳು, ಕೆಳಗಿನ ಬಾಡಿ ಒಂದೇ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) ಮೂರಕ್ಕೂ 34 ಮಿಲಿಮೀಟರ್. ಬೋರ್ (ಸಿಲಿಂಡರ್ ಒಳಗಿನ ಅಗಲ) ಮಾತ್ರ ಬೇರೆ, 61ಕ್ಕೆ 48, 268ಕ್ಕೆ 50, 272ಕ್ಕೆ 52 ಮಿಲಿಮೀಟರ್. ಅಂದ್ರೆ ಮೇಲಿನ ಸಿಲಿಂಡರ್ ಪಿಸ್ಟನ್ ಬದಲಾಯಿಸಿದ್ರೆ 61.5 ಸಿಸಿ ಮಿಷನ್ 72 ಸಿಸಿ ಆಗುತ್ತೆ, ತೂಕ ಹೆಚ್ಚು ಕಮ್ಮಿ ಅಷ್ಟೇ ಇರುತ್ತೆ. ಹೇಗೂ ಸಿಲಿಂಡರ್ ಹೊಸದೇ ಬೇಕು, ಎರಡರ ರೇಟಲ್ಲೂ ಅಂಥ ವ್ಯತ್ಯಾಸ ಇಲ್ಲ, ಸರಿ ಹಾಕಿ ಅಂದೆ. ಕ್ರ್ಯಾಂಕ್ ಬೇರಿಂಗ್ ಚೆನ್ನಾಗಿದ್ರೆ ಮಾತ್ರ ಹಾಕ್ತೀನಿ ಅಂತ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡಿದ ಮೇಲೇ ಕೊಯಮತ್ತೂರಿಂದ ಪಾರ್ಸೆಲ್ ತರಿಸಿದ್ದು.

ಬಂದಿದ್ದು ಕಂಪನಿ ಸಾಮಾನಲ್ಲ, ಡೂಪ್ಲಿಕೇಟ್ ಅಂತ ನಾವು ಕರೆಯೋ ಹೊರಗಿನ ಕಿಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಆನ್‌ಲೈನಲ್ಲಿ ಇಂಥ ಕಿಟ್ ತರಿಸಿ ಬಾಕ್ಸಿಂದ ತೆಗೆದು ಹಾಗೇ ಜೋಡ್ಸಿ ಕೈ ಸುಟ್ಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದಾರೆ. ಸಿಲಿಂಡರ್ ಒಳಗೆ ಗಾಳಿ ಹೋಗೋ ಬಾಯಿ, ಹೊಗೆ ಹೋಗೋ ಬಾಯಿ ಇರ್ತವಲ್ಲ, ಅವುಗಳ ಅಂಚು ಇದರಲ್ಲಿ ಬ್ಲೇಡ್ ಥರ ಚೂಪಾಗಿತ್ತು, ರಿಂಗ್ ಅಲ್ಲಿ ಸಿಕ್ಕಿ ಮುರಿಯೋದು ಹೀಗೇನೇ. ಮೇಸ್ತ್ರಿ ಕೂತು ಒಂದೊಂದು ಅಂಚನ್ನೂ ಸಣ್ಣ ಕಲ್ಲಲ್ಲಿ ನಯ ಮಾಡಿ ತೊಳೆದ್ರು. ಕಿಟ್ ಜೊತೆ ಬಂದ ಪಿನ್ ಲಾಕ್ (ಪಿಸ್ಟನ್ ಪಿನ್ ಜಾರದ ಹಾಗೆ ಹಿಡಿಯೋ ಸಣ್ಣ ತಂತಿ ಬಳೆ) ಎಸೆದು ಒರಿಜಿನಲ್ ಲಾಕ್ ಹಾಕಿದ್ರು, ಅದು ಒಂದು ಬಿಚ್ಕೊಂಡ್ರೆ ಸಾಕು ಹೊಸ ಸಿಲಿಂಡರ್ ಗೋಡೆ ಉತ್ತು ಹಾಕ್ಬಿಡುತ್ತೆ. ರಿಂಗನ್ನ ಮೊದಲು ಬರೀ ಸಿಲಿಂಡರಲ್ಲಿ ಇಟ್ಟು ಅದರ ಎರಡು ತುದಿ ಮಧ್ಯ ಎಷ್ಟು ಜಾಗ ಬಿಡುತ್ತೆ ನೋಡಿದ್ರು. ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆ ಇದೆಯಾ ಅಂತ ಅಳಿಯನ ಹತ್ರ ಬಾಯಿಬಿಟ್ಟು ಹೇಳ್ಸಿದ ಮೇಲೇ ಸಿಲಿಂಡರ್ ಇಳಿಸಿದ್ದು. ಕೊನೆಗೆ ಪ್ಲಗ್ ತೂತಲ್ಲಿ ಬೆಸುಗೆ ಹಾಕೋ ಸೀಸದ ತಂತಿ ಬಿಟ್ಟು ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿ ಅಳೆದು, ಪಿಸ್ಟನ್ ತಲೆ ಮೇಲೆ ಎಷ್ಟು ಜಾಗ ಇದೆ ಅಂತ ಲೆಕ್ಕ ಹಾಕಿದ್ರು. ಕಿಟ್ ಸಾಧಾರಣದ್ದೇ ಇರ್ಬಹುದು, ಈ ಕೈಗೆ ಸಿಕ್ಕಿದ್ದಕ್ಕೆ ಬಾಳಿಕೆ ಬರ್ತಿದೆ ಅನ್ನೋದು ನನ್ನ ಅಭಿಪ್ರಾಯ.

ಇಂಜಿನ್ ದೊಡ್ಡದಾದ ಮೇಲೆ ಉಸಿರಾಟಾನೂ ದೊಡ್ಡದಾಗ್ಬೇಕಲ್ಲ, ಸೈಲೆನ್ಸರ್ ಬಾಯಿ ಸ್ವಲ್ಪ ಅಗಲ ಮಾಡಿದ್ರು. ಕಿಡಿ ತಡೆಯೋ ಜಾಲರಿ ಮಾತ್ರ ತೆಗೀಲಿಲ್ಲ, ಮಾರ್ಚಲ್ಲಿ ತೋಟದ ಒಣ ಎಲೆ ಮೇಲೆ ಒಂದು ಕಿಡಿ ಬಿದ್ರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಕಾರ್ಬುರೇಟರ್ ಒಳಗಿನ ಡಯಾಫ್ರಮ್ (ತೆಳು ಪೊರೆ) ಕಿಟ್ ಹೊಸದು, ಪೆಟ್ರೋಲ್ ಪೈಪ್ ಹೊಸದು, ಟ್ಯಾಂಕಿನ ಫಿಲ್ಟರ್ ಹೊಸದು. ಎಚ್ ಸ್ಕ್ರೂ (ಪೂರ್ತಿ ರೇಸಲ್ಲಿ ಪೆಟ್ರೋಲ್ ಎಷ್ಟು ಹೋಗ್ಬೇಕು ಅಂತ ಸೆಟ್ ಮಾಡೋ ಕಾರ್ಬುರೇಟರ್ ಸ್ಕ್ರೂ) ಕಿವೀಲಿ ಕೇಳ್ಕೊಂಡೇ ಸೆಟ್ ಮಾಡೋದು ಅವರು, ಮರ ಮುಟ್ಟಿಸದೇ ಪೂರ್ತಿ ರೇಸ್ ಕೊಟ್ಟಾಗ ಶಬ್ದ ಸ್ವಲ್ಪ ಒಡೆದ ಹಾಗೆ ಗುಡುಗುಡು ಅನ್ಬೇಕು, ಮರಕ್ಕೆ ಇಟ್ಟ ತಕ್ಷಣ ಆ ಗುಡುಗುಡು ಹೋಗಿ ಒಂದೇ ಸ್ವರ ಬರ್ಬೇಕು, ಖಾಲಿ ಓಡುವಾಗ್ಲೇ ನುಣ್ಣಗೆ ಕೂಗಿದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ ಅರ್ಥ. ನಾನು ಇಷ್ಟು ವರ್ಷ ನುಣ್ಣಗೆ ಕೂಗಿದ್ರೆ ಮಿಷನ್ ಫಸ್ಟ್ ಕ್ಲಾಸ್ ಇದೆ ಅಂದ್ಕೊಂಡಿದ್ದೆ.

ಬ್ರೇಕ್ ವಿಷಯ ಹೇಳ್ಲೇಬೇಕು. ನಮ್ಮ ಮಿಷನ್ನಿನ ಚೈನ್ ಬ್ರೇಕ್ ಪಟ್ಟಿ ತುಂಡಾಗಿ ಎಷ್ಟೋ ವರ್ಷ ಆಗಿತ್ತು, ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಬೇಡ ಬಿಡಿ ಮೇಸ್ತ್ರಿ ಅಂದೆ. "ಬ್ರೇಕ್ ಇಲ್ದೇ ನಾನು ಮಿಷನ್ ಕೊಡಲ್ಲ, ಬೇಕಿದ್ರೆ ಅದರ ದುಡ್ಡು ಕೊಡ್ಬೇಡಿ" ಅಂದ್ಬಿಟ್ರು. ಗೋಡೆ ಮೇಲಿದ್ದ ಹಳೇ 268ರ ಕ್ಲಚ್ ಕವರ್ ಬ್ರೇಕ್ ಸಮೇತ ತೆಗೆದು ಹಾಕಿದ್ರು, ಸೀದಾ ಕೂತ್ಕೊಳ್ತು. ಏಪ್ರಿಲಲ್ಲಿ ಮರಗಸಿ ಮಾಡುವಾಗ ಬಾರ್ (ಚೈನ್ ಸುತ್ತ ಓಡೋ ಉದ್ದ ಪಟ್ಟಿ) ತುದಿ ಇನ್ನೊಂದು ಕೊಂಬೆಗೆ ತಾಗಿ ಮಿಷನ್ ನನ್ನ ಕಡೆ ಎದ್ದು ಬಂತು, ಕೈ ಬ್ರೇಕಿನ ಹಿಡಿಗೆ ತಾಗಿ ಬ್ರೇಕ್ ಬಿತ್ತು, ಚೈನ್ ನಿಂತ್ಕೊಂಡಿತ್ತು. ಮನೇಲಿ ಇದನ್ನ ಇನ್ನೂ ಹೇಳಿಲ್ಲ.

ಹಿಡಿಯ ಕೆಳಗಿನ ರಬ್ಬರ್‌ಗಳನ್ನೂ ಬದಲಾಯಿಸಿದ್ರು, ಮೊದಲು ಸಂಜೆ ಆದ್ರೆ ಬೆರಳು ಜುಮ್ ಅಂತಿತ್ತು, ಕಾಫಿ ಲೋಟ ಹಿಡಿಯೋದೇ ಕಷ್ಟ, ಈಗ ಇಲ್ಲ.

ಖರ್ಚು ಒಟ್ಟು 9,400 ರೂಪಾಯಿ ಆಯ್ತು, ಕೂಲಿ ಸೇರಿ.

ಈಗ ಸರಿ ಇಲ್ಲದ್ದು. ಒಂದು ವಾರ ಅಂದಿದ್ದು ಹತ್ತೊಂಬತ್ತು ದಿನ ಆಯ್ತು, ಕಾಫಿ ಕುಯ್ಲು ಮುಗಿದು ಮರದ ಕೆಲಸಕ್ಕೆ ಜನ ಬಂದು ಕೂತಿದ್ದ ಸಮಯದಲ್ಲಿ, ಫೋನ್ ಮಾಡಿದ್ರೆ ಎತ್ತಲ್ಲ, ಎರಡು ಸಲ ಸುಮ್ನೆ ಹೋಗಿ ಬಂದೆ. ಬಿಲ್ ಇಲ್ಲ, ಯಾವ ಸಾಮಾನಿಗೆ ಎಷ್ಟು ಅಂತ ಬರೆದು ಕೊಡಿ ಅಂದ್ರೆ ಬಾಯಲ್ಲೇ ಹೇಳ್ತಾರೆ. ಇನ್ನೊಂದು, ಚೈನ್ ಚೂಪು ಮಾಡೋ ಕೆಲಸ ಅಳಿಯನ ಕೈಗೆ ಬಿಟ್ಟಿದ್ರು, ಅವನು ಗ್ರೈಂಡರಲ್ಲಿ ಒತ್ತಿ ಹಿಡಿದು ಏಳೆಂಟು ಹಲ್ಲು ನೀಲಿ ತಿರುಗಿತ್ತು. ಆ ಥರ ಕಾದ ಹಲ್ಲು ಗಟ್ಟಿಯಾಗಿ ಆಮೇಲೆ ಅರ ಹಾಕಿದ್ರೆ ಅರವೇ ಜಾರುತ್ತೆ. ಮೇಸ್ತ್ರಿಗೆ ತೋರ್ಸಿದ್ದಕ್ಕೆ ಹೊಸ ಚೈನಿಗೆ ಅರ್ಧ ದುಡ್ಡು ಬಿಟ್ರು, ಆದ್ರೂ ಚೈನ್ ಮಾತ್ರ ಅಲ್ಲಿ ಕೊಡ್ಬೇಡಿ, ಮನೇಲೇ ರೌಂಡ್ ಅರದಲ್ಲಿ ಮಾಡ್ಕೊಳ್ಳಿ. ಸೈಲೆನ್ಸರ್ ಬಾಯಿ ಅಗಲ ಮಾಡಿದ್ದಕ್ಕೆ ಶಬ್ದ ನಿಜಕ್ಕೂ ಜಾಸ್ತಿ ಆಗಿದೆ, ಕಿವಿಗೆ ಮಫ್ ಇಲ್ಲದೇ ಐದು ನಿಮಿಷ ನಿಲ್ಲೋಕಾಗಲ್ಲ. ಸ್ಟಾರ್ಟರ್ ಹಗ್ಗ ಎಳೆಯೋದೂ ಮೊದಲಿಗಿಂತ ಗಟ್ಟಿ, ನಮ್ಮಪ್ಪನ ಕೈಯಲ್ಲಿ ಈಗ ಆಗಲ್ಲ.

ಕೆಲಸದಲ್ಲಿ ಹೇಗಿದೆ ಅಂದ್ರೆ, ಮೊದಲು ಹಲಸಿನ ಬುಡದಂಥ ಮರದಲ್ಲಿ ಬಾರ್ ಪೂರ್ತಿ ಮುಳುಗಿದ ತಕ್ಷಣ ಚೈನ್ ನಿಂತ್ಕೊಳ್ತಿತ್ತು, ಎತ್ತಿ ಎತ್ತಿ ಕುಯ್ಬೇಕಿತ್ತು. ಈಗ ಒತ್ತೋದೇ ಬೇಡ, ಅದರ ಭಾರಕ್ಕೇ ಇಳಿಯುತ್ತೆ, ಬರೋದು ಹುಡಿ ಅಲ್ಲ, ಚಕ್ಕೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಅದು ಇದ್ದಿದ್ದೇ.

ಪೆಟ್ರೋಲ್ ಅಂದಾಗ ನೆನಪಾಯ್ತು, ಸೀಲ್ ಮತ್ತೆ ಡಯಾಫ್ರಮ್ ಹೀಗೆ ಗಟ್ಟಿಯಾಗೋಕೆ ವಯಸ್ಸು ಒಂದು ಕಾರಣ, ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಟು ಮಳೆಗಾಲ ಪೂರ್ತಿ ಮೂಲೇಲಿ ಇಡೋದು ಇನ್ನೊಂದು. ಈಗಿನ ಇ20 ಪೆಟ್ರೋಲಲ್ಲಿ ನೂರಕ್ಕೆ 20 ಪಾಲು ಎಥನಾಲ್, ಅದು ಗಾಳಿಯ ತೇವ ಎಳ್ಕೊಳ್ಳುತ್ತೆ, ನಮ್ಮ ಊರಿನ ಜೂನ್ ಜುಲೈ ಆಗಸ್ಟಲ್ಲಿ ತೇವಕ್ಕೆ ಬರವಾ. ನಾನೀಗ ವಾರಕ್ಕೆ ಬೇಕಾದಷ್ಟು ಮಾತ್ರ ಕಲೆಸ್ತೀನಿ, ಲೀಟರಿಗೆ 25 ಎಂಎಲ್ ಒಳ್ಳೇ ಟೂಟಿ (ಟೂ ಸ್ಟ್ರೋಕ್) ಆಯಿಲ್, ಹಳೇ ಮಿಷನ್‌ಗೆ ಇದೇ ಸರಿ ಅಂತ ಮೇಸ್ತ್ರಿ ಹೇಳಿದ್ದು. ಕೆಲಸ ಮುಗಿದ್ರೆ ಟ್ಯಾಂಕ್ ಖಾಲಿ ಮಾಡಿ ಅದಾಗೇ ಆಫ್ ಆಗೋ ತನಕ ಓಡ್ಸಿ ಇಡೋದು. ಚೈನಿಗೆ ಜೀಪಿನ ಸುಟ್ಟ ಆಯಿಲ್ ಹಾಕೋದೂ ಬಿಟ್ಟಿದೀನಿ, ಅದರ ಕಸ ಆಯಿಲ್ ಪಂಪನ್ನ ತಿನ್ನುತ್ತೆ, ಮತ್ತೆ ಅದೆಲ್ಲ ಹಾರಿ ಬೀಳೋದು ನಮ್ಮ ಮೆಣಸಿನ ಬಳ್ಳಿ ಬುಡಕ್ಕೇ ತಾನೆ.

ಹೋಗೋರಿದ್ರೆ ಮಿಷನ್ ಜೊತೆ ನೀವು ಹಾಕೋ ಪೆಟ್ರೋಲ್ ಕ್ಯಾನು, ಬಾರ್, ಹಳೇ ಚೈನ್ ಎಲ್ಲಾ ತಗೊಂಡು ಹೋಗಿ, ಮೇಸ್ತ್ರಿ ಪೆಟ್ರೋಲ್ ಮೂಸಿ, ಬಣ್ಣ ನೋಡಿಯೇ ಅರ್ಧ ವಿಷಯ ಅಲ್ಲೇ ಹೇಳ್ತಾರೆ. ಬೇರೆ ಕಡೆ ಯಾರಾದ್ರೂ ಬಿಚ್ಚಿದ್ರೆ ಅದನ್ನೂ ಮುಚ್ಚಿಡದೇ ಹೇಳಿ. ದಿನ ಕೇಳಿದ್ರೆ ಅವರು ಹೇಳಿದ್ದಕ್ಕೆ ಡಬಲ್ ಲೆಕ್ಕ ಇಟ್ಕೊಳ್ಳಿ. ಏನಿದ್ರೂ ಮೇ ತಿಂಗಳ ಒಳಗೇ ಕೊಟ್ಬಿಡಿ, ಜೂನಲ್ಲಿ ಗಾಳಿ ಎದ್ದು ಕರೆಂಟ್ ಲೈನ್ ಮೇಲೆ, ಮನೆ ಮೇಲೆ ಮರ ಬೀಳೋಕೆ ಶುರುವಾದ್ರೆ ಆ ಶೆಡ್ ಮುಂದೆ ಜೀಪ್ ನಿಲ್ಲಿಸೋಕೂ ಜಾಗ ಸಿಗಲ್ಲ.